ಕಿರಿಯ ಫೌಸ್ಟಿನಾ: ಕಂಚಿನ ನಾಣ್ಯಗಳ ಹಿನ್ನೆಲೆಯಲ್ಲಿ ಒಂದು ಜೀವನ

೧

ರೋಮನ್ ನಾಣ್ಯಗಳೆಂದೊಡನೆ ಕನ್ನಡದ ಸಂಶೋಧಕರಿಗೆ ನೆನಪಾಗುವುದು ಚಂದ್ರವಳ್ಳಿ ಮತ್ತು ಯಶವಂತಪುರ. ಅಲ್ಲಿ ದೊರೆತ ಬೆಳ್ಳಿಯ ನಾಣ್ಯಗಳು ರೋಮ್ ಸಾಮ್ರಾಜ್ಯದ ಮೊದಲ ಚಕ್ರವರ್ತಿಗಳ ಕಾಲದವು. ಹೀಗಾಗಿ ನಮ್ಮಲ್ಲಿ ರೋಮನ್ ನಾಣ್ಯವು ಪ್ರಧಾನವಾಗಿ ವಾಣಿಜ್ಯ ಚರಿತ್ರೆಯ ಆಕರವಾಗಿಯೇ ಉಳಿದಿದೆ. ಆದರೆ ತನ್ನ ನೆಲದಲ್ಲಿ ಆ ನಾಣ್ಯ ಕೇವಲ ವಿನಿಮಯ ಸಾಧನವಾಗಿರಲಿಲ್ಲ. ಅದು ಪ್ರಭುತ್ವವು ಪ್ರಜೆಗಳೊಡನೆ ಆಡುತ್ತಿದ್ದ ಮಾತೂ ಆಗಿತ್ತು. ಒಂದು ಬದಿಯಲ್ಲಿ ಅರಸು ಮನೆತನದ ಮುಖ, ಇನ್ನೊಂದು ಬದಿಯಲ್ಲಿ ಆ ಮುಖಕ್ಕೆ ಪ್ರಭುತ್ವ ಆರೋಪಿಸಿದ ಅರ್ಥ, ಇವೆರಡೂ ಕೂಡಿ ಒಂದು ಸಂಕ್ಷಿಪ್ತ ಪ್ರಶಸ್ತಿಯಾಗುತ್ತಿದ್ದವು.

ಕ್ರಿ.ಶ. ಎರಡನೆಯ ಶತಮಾನದಲ್ಲಿ ಬಾಳಿದ ಸಾಮ್ರಾಜ್ಞಿ ಆನಿಯಾ ಗಲೇರಿಯಾ ಫೌಸ್ಟಿನಾಳ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದೇ ಹೆಸರಿನ ತಾಯಿಯಿಂದ ಬೇರ್ಪಡಿಸಲು ಚರಿತ್ರಕಾರರು ಈಕೆಯನ್ನು ಕಿರಿಯ ಫೌಸ್ಟಿನಾ ಎಂದು ಕರೆಯುತ್ತಾರೆ. ಈಕೆ ಚಕ್ರವರ್ತಿ ಆಂಟೋನಿನಸ್ ಪಯಸ್‌ನ ಮಗಳು, ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಹೆಂಡತಿ, ಚಕ್ರವರ್ತಿ ಕೊಮೋಡಸ್‌ನ ತಾಯಿ. ಈಕೆಯ ಹೆಸರಿನಲ್ಲಿ ಹೊರಟ ನಾಣ್ಯಗಳು ಈಕೆಯನ್ನು ಫಲವಂತಿಕೆಯ ಪ್ರತಿರೂಪವಾಗಿ ಕಾಣಿಸಿದರೆ, ಅನಂತರದ ಚರಿತ್ರೆಯ ಬರಹಗಳು ಶೀಲಗೆಟ್ಟವಳೆಂದು ಚಿತ್ರಿಸಿದವು. ಮೇಲ್ನೋಟಕ್ಕೆ ಈ ಹೊಗಳಿಕೆ ಮತ್ತು ನಿಂದೆಗಳು ಪರಸ್ಪರ ವಿರುದ್ಧವೆನಿಸಿದರೂ ಇವೆರಡರ ಮೂಲದಲ್ಲಿರುವ ಆತಂಕ ಒಂದೇ. ಅದು ಸಿಂಹಾಸನದ ವಾರಸುದಾರಿಕೆಯನ್ನು ಕುರಿತದ್ದು. ಈ ಅಂಶವನ್ನು ಆಕೆಯ ಜೀವನಕ್ರಮದ ಮೂಲಕವೇ ಇಲ್ಲಿ ಸ್ಪಷ್ಟಪಡಿಸಲು ಯತ್ನಿಸಲಾಗಿದೆ.

೨

ಮೊದಲಿಗೆ ನಾಣ್ಯಗಳ ಸ್ವರೂಪವನ್ನು ತಿಳಿಯುವುದು ಅಗತ್ಯ. ರೋಮ್‌ನ ಟಂಕಸಾಲೆ ಚಿನ್ನ, ಬೆಳ್ಳಿಗಳ ಜೊತೆಗೆ ಕೆಳಬೆಲೆಯ ಲೋಹದ ನಾಣ್ಯಗಳನ್ನೂ ಅಚ್ಚುಹಾಕುತ್ತಿತ್ತು. ಇವನ್ನು ನಾಣ್ಯಶಾಸ್ತ್ರಜ್ಞರು ರೂಢಿಯಲ್ಲಿ ಕಂಚಿನ ನಾಣ್ಯಗಳೆಂದು ಕರೆದರೂ ಅವುಗಳ ಲೋಹ ಏಕರೂಪವಾಗಿಲ್ಲ. ಇವುಗಳಲ್ಲಿ ದೊಡ್ಡದಾದ ಸೆಸ್ಟರ್ಷಿಯಸ್ ಮತ್ತು ಅದರ ಅರ್ಧ ಬೆಲೆಯ ಡುಪಾಂಡಿಯಸ್ ಹಿತ್ತಾಳೆಯವು. ಇನ್ನೂ ಕಡಿಮೆ ಬೆಲೆಯ ಆಸ್ ಎಂಬುದು ತಾಮ್ರದ್ದು. ನಾಲ್ಕು ಆಸ್‌ಗಳಿಗೆ ಒಂದು ಸೆಸ್ಟರ್ಷಿಯಸ್, ನಾಲ್ಕು ಸೆಸ್ಟರ್ಷಿಯಸ್‌ಗಳಿಗೆ ಒಂದು ಬೆಳ್ಳಿಯ ದಿನಾರಿಯಸ್, ಇಪ್ಪತ್ತೈದು ದಿನಾರಿಯಸ್‌ಗಳಿಗೆ ಒಂದು ಚಿನ್ನದ ಔರಿಯಸ್ ಎಂಬುದು ಲೆಕ್ಕ. ಸೆಸ್ಟರ್ಷಿಯಸ್ ಸುಮಾರು ೨೫ ಗ್ರಾಂ ತೂಗುವ ಅಗಲವಾದ ಬಿಲ್ಲೆ. ಅದರ ಮೈಮೇಲೆ ಹಲವು ಆಕೃತಿಗಳ ಚಿತ್ರವನ್ನು ಸ್ಪಷ್ಟವಾಗಿ ಕೊರೆಯಲು ಸಾಕಷ್ಟು ಜಾಗವಿತ್ತು. ಸೆನೆಟ್ ಸಭೆಯ ನಿರ್ಣಯದಂತೆ ಎಂಬ ಅರ್ಥದ ಎರಡು ಅಕ್ಷರಗಳು ಇಂತಹ ನಾಣ್ಯಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಇರುತ್ತವೆ. ದಿನನಿತ್ಯದ ಕೊಡುಕೊಳ್ಳುವಿಕೆಯಲ್ಲಿ ಹೆಚ್ಚಾಗಿ ಕೈಯಿಂದ ಕೈಗೆ ಸಾಗುತ್ತಿದ್ದವು ಇವೇ ಆದ್ದರಿಂದ, ಅರಮನೆಯ ಸುದ್ದಿ ಅಂಗಡಿ ಬೀದಿಯವರೆಗೆ ತಲುಪಲು ಇವು ತಕ್ಕ ಮಾಧ್ಯಮವಾಗಿದ್ದವು.

ಫಲವಂತಿಕೆಗೂ ರೋಮನ್ ಪ್ರಭುತ್ವಕ್ಕೂ ಇದ್ದ ನಂಟು ಫೌಸ್ಟಿನಾಳಿಂದ ಆರಂಭವಾದುದಲ್ಲ. ಅಗಸ್ಟಸ್ ಕ್ರಿ.ಪೂ. ೧೮ರಲ್ಲಿ ಮದುವೆ ಮತ್ತು ಸಂತಾನಗಳನ್ನು ಪ್ರೋತ್ಸಾಹಿಸುವ ಶಾಸನವನ್ನು ಜಾರಿಗೆ ತಂದನು. ಕ್ರಿ.ಶ. ೯ರಲ್ಲಿ ಬಂದ ಮತ್ತೊಂದು ಶಾಸನ ಅದಕ್ಕೆ ಪೂರಕವಾಯಿತು. ಮೂರು ಮಕ್ಕಳ ತಾಯಿಯಾದ ಸ್ವತಂತ್ರ ಪೌರಸ್ತ್ರೀಗೆ ಪೋಷಕ ಪುರುಷನ ಹಂಗಿಲ್ಲದೆ ಆಸ್ತಿ ವ್ಯವಹಾರ ನಡೆಸುವ ಹಕ್ಕು ಇದರಿಂದ ದೊರೆಯಿತು. ನೀರೋನಿಗೆ ೬೩ರಲ್ಲಿ ಮಗಳು ಹುಟ್ಟಿದಾಗ ಸೆನೆಟ್ ಸಭೆ ಫೆಕುಂಡಿಟಾಸ್ ದೇವತೆಗೆ, ಅಂದರೆ ಮೂರ್ತೀಕರಿಸಿದ ಫಲವಂತಿಕೆಗೆ, ಗುಡಿ ಕಟ್ಟಿಸುವ ಹರಕೆ ಹೊತ್ತಿತು. ಆ ಮಗು ನಾಲ್ಕು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಹೆರಿಗೆಯ ಅಧಿದೇವತೆಯಾದ ಜೂನೋ ಲೂಸಿನಾಳ ಗುಡಿ ರೋಮ್‌ನ ಎಸ್ಕ್ವಿಲೈನ್ ಗುಡ್ಡದ ಮೇಲೆ ಬಹು ಹಿಂದಿನಿಂದಲೂ ಇತ್ತು. ಮಾರ್ಚ್ ೧ರಂದು ಗೃಹಿಣಿಯರು ಅಲ್ಲಿ ಪೂಜೆ ಸಲ್ಲಿಸುತ್ತಿದ್ದರು. ಮನೆಯೊಳಗಿನ ಈ ನಂಬಿಕೆಯನ್ನು ಒಬ್ಬ ಸಾಮ್ರಾಜ್ಞಿಯ ಹೆಸರಿನೊಂದಿಗೆ ಇಷ್ಟು ನಿರಂತರವಾಗಿ ಲೋಹಕ್ಕೆ ಇಳಿಸಿದುದು ಫೌಸ್ಟಿನಾಳ ಕಾಲದ ವಿಶೇಷ.

೩

ಫೌಸ್ಟಿನಾ ಹುಟ್ಟಿದ್ದು ಸುಮಾರು ಕ್ರಿ.ಶ. ೧೩೦ರಲ್ಲಿ. ಆಗ ಅವಳ ತಂದೆ ಚಕ್ರವರ್ತಿಯಾಗಿರಲಿಲ್ಲ. ಆಗುವ ಸೂಚನೆಯೂ ಇರಲಿಲ್ಲ. ಅವನು ಸಿರಿವಂತ ಸೆನೆಟ್ ಸದಸ್ಯನಷ್ಟೇ. ಅವನ ನಾಲ್ವರು ಮಕ್ಕಳಲ್ಲಿ ಇಬ್ಬರು ಗಂಡುಮಕ್ಕಳೂ ಹಿರಿಯ ಮಗಳೂ ಅವನು ಪಟ್ಟಕ್ಕೆ ಬರುವ ಮೊದಲೇ ತೀರಿಕೊಂಡಿದ್ದರು. ಉಳಿದವಳು ಫೌಸ್ಟಿನಾ ಒಬ್ಬಳೇ.

ಚಕ್ರವರ್ತಿ ಹೇಡ್ರಿಯನ್‌ನಿಗೆ ಮಕ್ಕಳಿರಲಿಲ್ಲ. ಅವನ ಹಿಂದಿನ ಟ್ರೇಜನ್‌ನಿಗೂ, ಅದಕ್ಕೂ ಹಿಂದಿನ ನರ್ವನಿಗೂ ಇರಲಿಲ್ಲ. ಹೀಗೆ ದತ್ತಕವೇ ಸಿಂಹಾಸನದ ದಾರಿಯಾಗಿದ್ದ ಕಾಲವದು. ಹೇಡ್ರಿಯನ್ ೧೩೮ರ ಫೆಬ್ರವರಿಯಲ್ಲಿ ಆಂಟೋನಿನಸ್‌ನನ್ನು ದತ್ತು ಸ್ವೀಕರಿಸಿದನು. ಅದಕ್ಕೆ ಪ್ರತಿಯಾಗಿ ಆಂಟೋನಿನಸ್ ಇಬ್ಬರು ಹುಡುಗರನ್ನು ದತ್ತು ಸ್ವೀಕರಿಸಬೇಕೆಂಬ ಷರತ್ತನ್ನು ವಿಧಿಸಿದನು. ಒಬ್ಬನು ಹದಿನಾರರ ಹರೆಯದ ಮಾರ್ಕಸ್, ಇನ್ನೊಬ್ಬನು ಬಾಲಕ ಲೂಸಿಯಸ್. ಎಂಟು ವರ್ಷದ ಫೌಸ್ಟಿನಾ ಮತ್ತು ಲೂಸಿಯಸ್‌ರ ಮದುವೆಯ ನಿಶ್ಚಯವೂ ಈ ಏರ್ಪಾಟಿನ ಭಾಗವಾಗಿತ್ತು. ಅದೇ ವರ್ಷ ಜುಲೈ ೧೦ರಂದು ಹೇಡ್ರಿಯನ್ ತೀರಿಕೊಂಡ ಮೇಲೆ ಈ ನಿಶ್ಚಯ ಮುರಿಯಿತು. ಫೌಸ್ಟಿನಾಳನ್ನು ಮಾರ್ಕಸ್‌ನಿಗೆ ಕೊಡುವುದೆಂದು ತೀರ್ಮಾನವಾಯಿತು. ಮಾರ್ಕಸ್‌ನಿಗೆ ಆಗಲೇ ಗೊತ್ತಾಗಿದ್ದ ಬೇರೊಂದು ಸಂಬಂಧವನ್ನು ಇದಕ್ಕಾಗಿ ಬಿಡಿಸಲಾಯಿತು. ಫೌಸ್ಟಿನಾ ಅವನಿಗೆ ಸೋದರತ್ತೆಯ ಮಗಳು. ದತ್ತಕದ ಲೆಕ್ಕದಲ್ಲಿ ತಂಗಿಯೂ ಹೌದು. ಎರಡೂ ನಿರ್ಣಯಗಳಲ್ಲಿ ಹುಡುಗಿಯ ಮನಸ್ಸನ್ನು ಕೇಳಿದ ಕುರುಹಿಲ್ಲ. ಮನೆತನದ ರಕ್ತವನ್ನು ದತ್ತಕದ ಸರಪಳಿಯೊಂದಿಗೆ ಬೆಸೆಯುವ ಕೊಂಡಿಯಾಗಿ ಆಕೆ ಬಾಲ್ಯದಲ್ಲಿಯೇ ನಿಯುಕ್ತಳಾದಳು ಎಂಬುದು ಇಲ್ಲಿ ಗಮನಾರ್ಹ.

ತಾಯಿ ಹಿರಿಯ ಫೌಸ್ಟಿನಾ ೧೪೦ರಲ್ಲಿ ತೀರಿಕೊಂಡಳು. ಪಯಸ್ ಅವಳನ್ನು ದೈವತ್ವಕ್ಕೆ ಏರಿಸಿ, ರೋಮ್‌ನ ಫೋರಂ ಬಯಲಿನಲ್ಲಿ ಗುಡಿ ಕಟ್ಟಿಸಿ, ತನ್ನ ಆಳ್ವಿಕೆಯ ಉಳಿದ ಕಾಲವಿಡೀ ಅವಳ ಹೆಸರಿನಲ್ಲಿ ನಾಣ್ಯಗಳನ್ನು ಹೊರಡಿಸಿದನು. ಮುಂದೆ ಚರ್ಚಾಗಿ ಪರಿವರ್ತಿತವಾದ ಆ ಗುಡಿಯ ಕಂಬಗಳು ಇಂದಿಗೂ ನಿಂತಿವೆ. ಈ ದಶಕದ ಆರಂಭದ ಒಂದು ಬಗೆಯ ಸೆಸ್ಟರ್ಷಿಯಸ್‌ನ ಹಿಂಬದಿಯಲ್ಲಿ ಪಯಸ್ ಮತ್ತು ಹಿರಿಯ ಫೌಸ್ಟಿನಾ ಕೈಹಿಡಿದು ನಿಂತಿದ್ದಾರೆ. ಅವರಿಬ್ಬರ ನಡುವೆ, ಅಳತೆಯಲ್ಲಿ ಚಿಕ್ಕದಾಗಿ, ಮಾರ್ಕಸ್ ಮತ್ತು ಕಿರಿಯ ಫೌಸ್ಟಿನಾ ಹಾಗೆಯೇ ಕೈಹಿಡಿದಿದ್ದಾರೆ. ಸುತ್ತಲಿನ ಬರಹ ದಾಂಪತ್ಯದ ಸಾಮರಸ್ಯಕ್ಕೆ ಸಂಬಂಧಿಸಿದ್ದು. ಮದುವೆ ನಡೆದದ್ದು ೧೪೫ರ ವಸಂತದಲ್ಲಿ. ಆಗ ಫೌಸ್ಟಿನಾಳಿಗೆ ಸುಮಾರು ಹದಿನೈದು, ಮಾರ್ಕಸ್‌ನಿಗೆ ಇಪ್ಪತ್ತನಾಲ್ಕು.

೪

ಮೊದಲ ಮಗು ೧೪೭ರ ನವೆಂಬರ್ ೩೦ರಂದು ಹುಟ್ಟಿತು. ಅದು ಹೆಣ್ಣು, ಡೊಮಿಷಿಯಾ ಫೌಸ್ಟಿನಾ ಎಂದು ಹೆಸರಿಟ್ಟರು. ಮರುದಿನವೇ ಫೌಸ್ಟಿನಾಳಿಗೆ ಅಗಸ್ಟಾ ಎಂಬ ಬಿರುದು ಸಂದಿತು. ಬಂದರು ಪಟ್ಟಣವಾದ ಆಸ್ಟಿಯಾದಲ್ಲಿ ಕಲ್ಲಿನ ಮೇಲೆ ಕೆತ್ತಿರಿಸಿದ ವಾರ್ಷಿಕ ದಾಖಲೆಯಿಂದ ಈ ವಿವರ ತಿಳಿದುಬರುತ್ತದೆ. ಆಕೆಯ ಗಂಡ ಆಗ ಕೇವಲ ಸೀಸರ್, ಅಂದರೆ ಯುವರಾಜ. ಅವನು ಅಗಸ್ಟಸ್ ಆದದ್ದು ೧೬೧ರಲ್ಲಿ. ಹೀಗೆ ಹದಿಮೂರು ವರ್ಷಗಳ ಕಾಲ ಬಿರುದಿನಲ್ಲಿ ಹೆಂಡತಿಯೇ ಗಂಡನಿಗಿಂತ ಮೇಲಿದ್ದಳು. ಈ ಗೌರವ ಬಂದದ್ದು ಮದುವೆಯಿಂದಲ್ಲ, ಹೆರಿಗೆಯಿಂದ ಎಂಬುದು ಪ್ರಭುತ್ವದ ಎಣಿಕೆಯನ್ನು ಸ್ಪಷ್ಟಪಡಿಸುತ್ತದೆ.

ಆಕೆಯ ಹೆಸರಿನ ನಾಣ್ಯಗಳು ಆರಂಭವಾಗುವುದು ಇಲ್ಲಿಂದಲೇ. ಅವುಗಳ ಮುಂಬದಿಯ ಬರಹವನ್ನು ಮೂರು ಹಂತಗಳಲ್ಲಿ ಗುರುತಿಸಬಹುದು. ಪಯಸ್ ಬದುಕಿರುವವರೆಗೆ ಆಕೆ ಅಗಸ್ಟಾ ಮತ್ತು ಪಯಸ್‌ನ ಮಗಳು. ಮಾರ್ಕಸ್‌ನ ಆಳ್ವಿಕೆಯಲ್ಲಿ ಆಕೆ ಕೇವಲ ಫೌಸ್ಟಿನಾ ಅಗಸ್ಟಾ. ಸಾವಿನ ನಂತರ ದೈವಸ್ವರೂಪಿ, ಧರ್ಮನಿಷ್ಠೆ ಫೌಸ್ಟಿನಾ. ಮೊದಲ ಹಂತದಲ್ಲಿ ಗಂಡನ ಹೆಸರಿಲ್ಲದಿರುವುದು ಉಲ್ಲೇಖನೀಯ. ಅಧಿಕಾರದ ಮೂಲ ತಂದೆಯ ಮನೆಯಲ್ಲಿದ್ದಾಗ ನಾಣ್ಯ ಅದನ್ನೇ ಹೇಳಿತು.

ಹಿಂಬದಿಯ ಚಿತ್ರಗಳು ಹಲವು ಬಗೆಯವು. ಸೇಬನ್ನು ಹಿಡಿದ ವೀನಸ್, ನವಿಲಿನೊಡನೆ ನಿಂತ ಜೂನೋ, ಧಾನ್ಯದೇವತೆ ಸೀರಿಸ್, ಸಿಂಹಗಳ ನಡುವೆ ಕುಳಿತ ಮಹಾಮಾತೆ ಸಿಬಿಲಿ, ಪಂಜು ಹಿಡಿದ ಡಯಾನಾ, ಮುಸುಕಿನ ಅಂಚನ್ನು ಹಿಡಿದ ಪುಡಿಸಿಟಿಯಾ ಎಂಬ ಶೀಲದೇವತೆ. ವೀನಸ್ ರೋಮನ್ ಜನಾಂಗದ ಮೂಲಮಾತೆಯೆಂದು ನಂಬಿದ್ದರಿಂದ ಅವಳ ಸೇಬು ಶೃಂಗಾರದ ಸಂಕೇತವಷ್ಟೇ ಅಲ್ಲ, ವಂಶವೃದ್ಧಿಯ ಸಂಕೇತವೂ ಹೌದು. ಆದರೆ ನಮ್ಮ ಉದ್ದೇಶಕ್ಕೆ ಮುಖ್ಯವಾದವು ಮಕ್ಕಳನ್ನು ನೇರವಾಗಿ ತೋರಿಸುವ ನಾಣ್ಯಗಳು. ಫೆಕುಂಡಿಟಾಸ್ ಎಂಬ ಬರಹವುಳ್ಳ ನಾಣ್ಯದಲ್ಲಿ ರಾಜದಂಡ ಹಿಡಿದ ಸ್ತ್ರೀ ಶಿಶುವೊಂದನ್ನು ತೋಳಿನಲ್ಲಿ ಎತ್ತಿಕೊಂಡಿದ್ದಾಳೆ. ಜೂನೋ ಲೂಸಿನಾಳ ನಾಣ್ಯದಲ್ಲಿ ದೇವಿಯ ತೋಳಿನಲ್ಲೊಂದು ಮಗು, ಅಕ್ಕಪಕ್ಕದಲ್ಲಿ ಇಬ್ಬರು ಹುಡುಗಿಯರು.

ಅವಳಿ ಮಕ್ಕಳು ಹುಟ್ಟಿದ ೧೪೯ರಲ್ಲಿ ಪಯಸ್‌ನ ಹೆಸರಿನ ಸೆಸ್ಟರ್ಷಿಯಸ್ ಒಂದು ವಿಶಿಷ್ಟ ಚಿತ್ರವನ್ನು ತಳೆಯಿತು. ಹಣ್ಣುಗಳಿಂದ ತುಂಬಿ ತುಳುಕುವ ಎರಡು ಸಮೃದ್ಧಿಯ ಕೊಂಬುಗಳು ಒಂದನ್ನೊಂದು ಹಾದುಹೋಗಿವೆ. ಒಂದೊಂದು ಕೊಂಬಿನ ಬಾಯಲ್ಲೂ ಒಂದೊಂದು ಶಿಶುವಿನ ತಲೆ. ಸುತ್ತ ಕಾಲದ ಸೌಭಾಗ್ಯ ಎಂಬರ್ಥದ ಬರಹ. ಹೊಲದ ಬೆಳೆಗೂ ಗರ್ಭದ ಫಲಕ್ಕೂ ಭೇದವಿಲ್ಲದಂತೆ ಬೆಸೆದ ಚಿತ್ರವಿದು. ಮುಂದೆ ಸಾಮ್ರಾಜ್ಞಿಯಾದ ಲೂಸಿಲ್ಲಾ ಈ ಅವಳಿಗಳಲ್ಲಿ ಒಬ್ಬಳೋ ಅಥವಾ ಮರುವರ್ಷ ಹುಟ್ಟಿದವಳೋ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

೫

ನಾಣ್ಯಗಳು ಇಷ್ಟನ್ನು ಹೇಳುತ್ತವೆ. ಇದೇ ಕಾಲದ ಬೇರೆ ಎರಡು ಆಕರಗಳು ಬೇರೆಯದೇ ಸಂಗತಿಯನ್ನು ಹೇಳುತ್ತವೆ. ಮೊದಲನೆಯದು ಪತ್ರಗಳು. ಮಾರ್ಕಸ್ ಮತ್ತು ಅವನ ಗುರು ಫ್ರಾಂಟೊ ನಡುವಿನ ಪತ್ರವ್ಯವಹಾರ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಿಲಾನಿನ ಗ್ರಂಥಾಲಯದಲ್ಲಿ, ಬೇರೊಂದು ಬರಹದ ಕೆಳಗೆ ಅಳಿಸಿಹೋಗಿದ್ದ ಹಸ್ತಪ್ರತಿಯಲ್ಲಿ ಪತ್ತೆಯಾಯಿತು. ಈ ಪತ್ರಗಳಲ್ಲಿ ತತ್ತ್ವಕ್ಕಿಂತ ಹೆಚ್ಚಾಗಿ ಮನೆಯ ಮಾತು ತುಂಬಿದೆ. ಪುಟ್ಟ ಮಗಳಿಗೆ ಭೇದಿ, ಜ್ವರ, ಕೆಮ್ಮು, ಅವಳು ಬಡಕಲಾಗಿದ್ದಾಳೆ, ಇಂದು ತುಸು ವಾಸಿ ಎಂಬಂಥ ಸುದ್ದಿಗಳು ತಂದೆಯ ಕೈಬರಹದಲ್ಲಿ ಬರುತ್ತವೆ. ಫೌಸ್ಟಿನಾಳ ಆರೋಗ್ಯದ ವಿಚಾರವೂ ಅಲ್ಲಲ್ಲಿ ಬರುತ್ತದೆ. ಆದರೆ ಅವಳೇ ಬರೆದ ಪತ್ರವೆಂದು ನಂಬಬಹುದಾದದ್ದು ಒಂದೂ ಉಳಿದಿಲ್ಲ.

ಎರಡನೆಯದು ಸಮಾಧಿಶಾಸನಗಳು. ಟೈಬರ್ ನದಿಯ ದಂಡೆಯಲ್ಲಿ ಹೇಡ್ರಿಯನ್ ಕಟ್ಟಿಸಿದ ಬೃಹತ್ ಸಮಾಧಿಯಲ್ಲಿ ಅರಸು ಮನೆತನದವರ ಚಿತಾಭಸ್ಮವನ್ನು ಇಡುತ್ತಿದ್ದರು. ಡೊಮಿಷಿಯಾ ಫೌಸ್ಟಿನಾಳಿಗೂ ಅವಳ ಇಬ್ಬರು ತಮ್ಮಂದಿರಿಗೂ ಸಂದ ಶಾಸನಗಳು ಅಲ್ಲಿದ್ದವು. ಮಾರ್ಕಸ್ ಪಟ್ಟಕ್ಕೆ ಬರುವ ಮೊದಲೇ ಈ ಮೂವರೂ ತೀರಿಕೊಂಡಿದ್ದರು. ೧೫೨ರಲ್ಲಿ ಹುಟ್ಟಿದ ಮತ್ತೊಬ್ಬ ಮಗನೂ ಹೆಚ್ಚು ಕಾಲ ಬಾಳಲಿಲ್ಲ. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಫೌಸ್ಟಿನಾ ಹೆತ್ತ ಮಕ್ಕಳು ಕನಿಷ್ಠ ಹದಿನಾಲ್ಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಇವರಲ್ಲಿ ತಂದೆಯ ಮರಣದ ನಂತರವೂ ಬದುಕಿದ್ದವರು ಒಬ್ಬ ಮಗ ಮತ್ತು ಕೆಲವು ಹೆಣ್ಣುಮಕ್ಕಳು ಮಾತ್ರ.

ಈ ಹಿನ್ನೆಲೆಯಲ್ಲಿ ನಾಣ್ಯಗಳನ್ನು ಮತ್ತೆ ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ನಾಣ್ಯದ ಮೇಲಿನ ಮಕ್ಕಳ ಸಂಖ್ಯೆ ಅಲಂಕಾರಕ್ಕಾಗಿ ಇಟ್ಟದ್ದಲ್ಲ, ಅದು ಆ ಹೊತ್ತಿಗೆ ಬದುಕಿದ್ದ ಮಕ್ಕಳ ಸಂಖ್ಯೆಗೆ ಹೊಂದುವಂಥದು ಎಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ. ಅಗಸ್ಟಾಳ ಫಲವಂತಿಕೆಗೆ ಎಂಬ ಬರಹದ ನಾಣ್ಯದಲ್ಲಿ ತೋಳುಗಳಲ್ಲಿ ಎರಡು ಶಿಶುಗಳೂ ಪಕ್ಕದಲ್ಲಿ ಇಬ್ಬರು ಹುಡುಗಿಯರೂ ಇದ್ದಾರೆ. ಲೂಸಿಲ್ಲಾ ಮತ್ತು ೧೫೧ರಲ್ಲಿ ಹುಟ್ಟಿದ ಆನಿಯಾ ಫೌಸ್ಟಿನಾ ನಿಂತಿರುವವರು. ೧೫೯ ಮತ್ತು ೧೬೦ರ ಸುಮಾರಿಗೆ ಹುಟ್ಟಿದ ಫಾಡಿಲ್ಲಾ ಮತ್ತು ಕಾರ್ನಿಫಿಸಿಯಾ ತೋಳಿನಲ್ಲಿರುವವರು ಎಂದು ಇದನ್ನು ಅರ್ಥೈಸಬಹುದು. ೧೬೧ರ ನಂತರದ, ಕಾಲದ ಸೌಭಾಗ್ಯವನ್ನು ಸಾರುವ ಮತ್ತೊಂದು ಬಗೆಯಲ್ಲಿ ಮಕ್ಕಳು ಆರು. ತೋಳುಗಳಲ್ಲಿ ಎರಡು, ಕಾಲ ಬಳಿ ನಾಲ್ಕು. ಅವಳಿ ಗಂಡುಮಕ್ಕಳು ಹುಟ್ಟಿದ ಆ ವರ್ಷದಲ್ಲಿ ಬದುಕಿದ್ದ ಮಕ್ಕಳೂ ಆರೇ. ಹಾಗಿದ್ದರೆ ಟಂಕಸಾಲೆ ಬದುಕಿದ್ದವರನ್ನಷ್ಟೇ ಎಣಿಸುತ್ತಿತ್ತು. ಸತ್ತ ಮಗು ಸದ್ದಿಲ್ಲದೆ ಚಿತ್ರದಿಂದ ಬಿಟ್ಟುಹೋಗುತ್ತಿತ್ತು. ಸಮಾಧಿಯ ಕಲ್ಲು ಹೆಸರಿಸಿದವರನ್ನು ಕಂಚು ಹೆಸರಿಸಲಿಲ್ಲ. ಫಲವಂತಿಕೆಯ ನಾಣ್ಯಮಾಲೆ ತಾಯಿಯ ಜೀವನಕಥೆಯಾಗಿರದೆ ವಾರಸುದಾರರ ಪಟ್ಟಿಯಾಗಿತ್ತು ಎಂದು ನಿರ್ಧರಿಸಲು ಇದು ಮುಖ್ಯ ಆಧಾರ.

ಆಕೆಯ ಮುಖಚಿತ್ರಗಳ ವಿಷಯದಲ್ಲಿಯೂ ಇಂತಹುದೇ ಚರ್ಚೆ ನಡೆದಿದೆ. ನಾಣ್ಯಗಳಲ್ಲಿಯೂ ಶಿಲ್ಪಗಳಲ್ಲಿಯೂ ಫೌಸ್ಟಿನಾಳ ಕೇಶವಿನ್ಯಾಸ ಮತ್ತೆ ಮತ್ತೆ ಬದಲಾಗುತ್ತದೆ. ಜರ್ಮನ್ ವಿದ್ವಾಂಸ ಕ್ಲೌಸ್ ಫಿಟ್ಷೆನ್ ೧೯೮೨ರ ತಮ್ಮ ಅಧ್ಯಯನದಲ್ಲಿ ಈ ಮುಖಚಿತ್ರಗಳನ್ನು ಒಂಬತ್ತು ಬಗೆಗಳಾಗಿ ವಿಂಗಡಿಸಿ, ಹೊಸ ಬಗೆಯ ಉದಯವನ್ನು ಮಕ್ಕಳ ಜನನದೊಂದಿಗೆ ಜೋಡಿಸಿದರು. ಮಾರ್ಟಿನ್ ಬೆಕ್‌ಮನ್ ೨೦೨೧ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಒಂದೇ ಅಚ್ಚಿನಿಂದ ಹೊರಬಂದ ನಾಣ್ಯಗಳನ್ನು ಹೋಲಿಸಿ ಅವುಗಳ ಕಾಲಾನುಕ್ರಮವನ್ನು ಹೊಸದಾಗಿ ಪರಿಶೀಲಿಸಿದ್ದಾರೆ. ವಿವರಗಳಲ್ಲಿ ಭಿನ್ನತೆಗಳಿದ್ದರೂ ಸಾಮ್ರಾಜ್ಞಿಯ ದೇಹವನ್ನು ಪ್ರಭುತ್ವ ಎಷ್ಟು ಸೂಕ್ಷ್ಮವಾಗಿ ನಿರ್ವಹಿಸುತ್ತಿತ್ತು ಎಂಬುದು ಇಂತಹ ಅಧ್ಯಯನಗಳಿಂದ ಸ್ಪಷ್ಟವಾಗುತ್ತದೆ.

೬

ಪಯಸ್ ೧೬೧ರ ಮಾರ್ಚ್ ೭ರಂದು ತೀರಿಕೊಂಡನು. ಮಾರ್ಕಸ್ ಮತ್ತು ಲೂಸಿಯಸ್ ವೆರಸ್ ಜಂಟಿ ಚಕ್ರವರ್ತಿಗಳಾದರು. ಅದೇ ವರ್ಷ ಆಗಸ್ಟ್ ೩೧ರಂದು, ತನ್ನ ತಂದೆ ಹುಟ್ಟಿದ್ದ ಲನೂವಿಯಂ ಊರಿನಲ್ಲಿಯೇ, ಫೌಸ್ಟಿನಾ ಅವಳಿ ಗಂಡುಮಕ್ಕಳನ್ನು ಹೆತ್ತಳು. ಒಬ್ಬನು ಆಂಟೋನಿನಸ್, ಇನ್ನೊಬ್ಬನು ಕೊಮೋಡಸ್. ಯುಗದ ಸೌಭಾಗ್ಯ ಎಂಬ ಬರಹದೊಡನೆ ಹೊರಟ ನಾಣ್ಯದಲ್ಲಿ ಬಟ್ಟೆ ಹೊದಿಸಿದ ಸಿಂಹಾಸನದ ಮೇಲೆ ಎರಡು ಶಿಶುಗಳು ಕುಳಿತಿವೆ. ಕೆಲವು ಅಚ್ಚುಗಳಲ್ಲಿ ಅವರ ತಲೆಯ ಮೇಲೆ ನಕ್ಷತ್ರಗಳೂ ಇವೆ. ಇಲ್ಲಿ ತಾಯಿ ಚಿತ್ರದಲ್ಲಿಯೇ ಇಲ್ಲ; ಅವಳ ಮುಖ ನಾಣ್ಯದ ಇನ್ನೊಂದು ಬದಿಯಲ್ಲಿದೆ. ಸಿಂಹಾಸನ ಮತ್ತು ಅದರ ಮೇಲಿನ ಮಕ್ಕಳು, ಇಷ್ಟೇ ಪ್ರಭುತ್ವ ಹೇಳಬೇಕಾಗಿದ್ದ ಮಾತು. ದತ್ತಕದಿಂದ ಸಾಗಿಬಂದ ಸಿಂಹಾಸನಕ್ಕೆ ಬಹುಕಾಲದ ನಂತರ ಆಳುವ ಚಕ್ರವರ್ತಿಯ ಹೊಟ್ಟೆಯ ಮಗ ದೊರೆತಿದ್ದನು.

ಆಂಟೋನಿನಸ್ ನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ೧೬೨ರಲ್ಲಿ ಹುಟ್ಟಿದ ಇನ್ನೊಬ್ಬ ಮಗ ಆನಿಯಸ್ ವೆರಸ್‌ನಿಗೂ ಕೊಮೋಡಸ್‌ನಿಗೂ ೧೬೬ರ ಅಕ್ಟೋಬರ್‌ನಲ್ಲಿ ಸೀಸರ್ ಪದವಿ ಬಂದಿತು. ಆನಿಯಸ್ ವೆರಸ್ ೧೬೯ರಲ್ಲಿ, ಏಳು ವರ್ಷದವನಾಗಿ, ಕಿವಿಯ ಕೆಳಗಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ನಡೆದ ಮೇಲೆ ತೀರಿಕೊಂಡನು. ತಂದೆ ಐದೇ ದಿನ ಶೋಕವನ್ನಾಚರಿಸಿ ರಾಜಕಾರ್ಯಕ್ಕೆ ಮರಳಿದನೆಂದು ಹಳೆಯ ಜೀವನಚರಿತ್ರೆ ಹೇಳುತ್ತದೆ. ತಾಯಿಯ ಶೋಕದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮಕ್ಕಳನ್ನು ಮುದ್ದಿಸುವಾಗಲೂ ಅವರ ಮರಣದ ಸಾಧ್ಯತೆಯನ್ನು ನೆನೆಯಬೇಕೆಂಬ ಎಪಿಕ್ಟೀಟಸ್‌ನ ಕಠಿಣ ಬೋಧೆಯನ್ನು ಮಾರ್ಕಸ್ ತನ್ನ ಚಿಂತನೆಗಳಲ್ಲಿ ಬರೆದಿಟ್ಟುಕೊಂಡಿದ್ದಾನೆ. ಅದನ್ನು ತತ್ತ್ವಶಾಸ್ತ್ರದ ಮಾತಾಗಿ ಮಾತ್ರ ಓದುವವರು ಆ ಮನೆಯ ಶಿಶುಮರಣಗಳ ಸರಣಿಯನ್ನು ಮರೆಯಬಾರದು. ಪಾರ್ಥಿಯನ್ನರ ಮೇಲಿನ ಯುದ್ಧದಿಂದ ಮರಳಿದ ಸೈನ್ಯದೊಂದಿಗೆ ಹರಡಿದ ಮಹಾಮಾರಿ ಇದೇ ದಶಕದಲ್ಲಿ ಸಾಮ್ರಾಜ್ಯವನ್ನು ಕಾಡಿತು. ಮಗಳು ಲೂಸಿಲ್ಲಾಳನ್ನು ೧೬೪ರಲ್ಲಿ ಲೂಸಿಯಸ್ ವೆರಸ್‌ನಿಗೆ ಮದುವೆ ಮಾಡಿಕೊಟ್ಟಿದ್ದರು. ಬಾಲ್ಯದಲ್ಲಿ ತಾಯಿಗೆ ನಿಶ್ಚಯವಾಗಿದ್ದ ವರನೇ ಮಗಳಿಗೆ ಗಂಡನಾದನು. ಅವನೂ ೧೬೯ರಲ್ಲಿ ತೀರಿಕೊಂಡನು. ಇದರ ನಡುವೆಯೂ ಫೌಸ್ಟಿನಾಳ ನಾಣ್ಯಗಳು ಉಲ್ಲಾಸ, ಹರ್ಷ, ಸೌಭಾಗ್ಯಗಳನ್ನೇ ಸಾರುತ್ತಿದ್ದವು.

ಡ್ಯಾನ್ಯೂಬ್ ಗಡಿಯ ಯುದ್ಧಗಳ ಕಾಲದಲ್ಲಿ ಫೌಸ್ಟಿನಾ ಗಂಡನೊಂದಿಗೆ ಪಾಳೆಯದಲ್ಲಿ ಇದ್ದಳು. ೧೭೪ರಲ್ಲಿ ಅವಳಿಗೆ ಮಾಟರ್ ಕಾಸ್ಟ್ರೋರಂ, ಅಂದರೆ ಸೇನಾಶಿಬಿರಗಳ ತಾಯಿ, ಎಂಬ ಬಿರುದು ಸಂದಿತು. ರೋಮ್‌ನ ಸಾಮ್ರಾಜ್ಞಿಯರಲ್ಲಿ ಈ ಬಿರುದನ್ನು ಮೊದಲು ಪಡೆದವಳು ಇವಳೇ. ಈ ಬಿರುದಿನ ನಾಣ್ಯಗಳಲ್ಲಿ ಸ್ತ್ರೀರೂಪದ ಮುಂದೆ ಮಕ್ಕಳ ಬದಲು ಸೇನಾಧ್ವಜಗಳು ನಿಂತಿವೆ. ತಾಯ್ತನದ ಪರಿಭಾಷೆ ಇಲ್ಲಿ ಅರಮನೆಯಿಂದ ಸೈನ್ಯಕ್ಕೆ ವಿಸ್ತರಿಸಿತು. ಗಂಡುಮಕ್ಕಳಲ್ಲಿ ಕೊಮೋಡಸ್ ಒಬ್ಬನೇ ಉಳಿದಿದ್ದ ಸಂದರ್ಭದಲ್ಲಿ ಸೈನಿಕರ ನಿಷ್ಠೆಯನ್ನು ಆ ಹುಡುಗನ ಕಡೆಗೆ ತಿರುಗಿಸುವುದು ಇದರ ಉದ್ದೇಶಗಳಲ್ಲೊಂದಾಗಿತ್ತೆಂದು ಊಹಿಸಬಹುದು.

೭

ಸಿರಿಯಾದ ಆಡಳಿತ ಹೊತ್ತಿದ್ದ ಸೇನಾನಿ ಅವಿಡಿಯಸ್ ಕ್ಯಾಸಿಯಸ್ ೧೭೫ರಲ್ಲಿ ದಂಗೆಯೆದ್ದು ತಾನೇ ಚಕ್ರವರ್ತಿಯೆಂದು ಘೋಷಿಸಿಕೊಂಡನು. ಮೂರು ತಿಂಗಳ ಚಿಲ್ಲರೆ ದಿನಗಳಲ್ಲಿ ತನ್ನವರಿಂದಲೇ ಹತನಾದನು. ಮೂರನೆಯ ಶತಮಾನದ ಆದಿಭಾಗದಲ್ಲಿ ಬರೆದ ಚರಿತ್ರಕಾರ ಕ್ಯಾಸಿಯಸ್ ಡಿಯೋ ಈ ದಂಗೆಗೆ ಫೌಸ್ಟಿನಾಳೇ ಪ್ರೇರಣೆ ಎನ್ನುತ್ತಾನೆ. ಗಂಡನ ಆರೋಗ್ಯ ಕೆಟ್ಟಿತ್ತು, ಮಗ ಚಿಕ್ಕವನಾಗಿದ್ದ; ಗಂಡ ತೀರಿಕೊಂಡರೆ ತನ್ನ ಗತಿಯೇನೆಂಬ ಭಯದಿಂದ ಆಕೆ ಕ್ಯಾಸಿಯಸ್‌ನೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಳೆಂಬುದು ಅವನ ಕಥನ. ಇದು ನಿಜವೋ ಅಲ್ಲವೋ ಎಂಬ ಚರ್ಚೆ ಮುಗಿದಿಲ್ಲ. ಮಾರ್ಕಸ್ ಮಾತ್ರ ದಂಗೆಕೋರನ ಪತ್ರಗಳನ್ನು ಓದದೆ ನಾಶಪಡಿಸಲು ಒಪ್ಪಿದನೆಂದೂ, ಸೆನೆಟ್ ಸದಸ್ಯರಲ್ಲಿ ಯಾರನ್ನೂ ಕೊಲ್ಲಿಸಬಾರದೆಂದು ಕೋರಿದನೆಂದೂ ತಿಳಿದುಬರುತ್ತದೆ.

ದಂಗೆಯ ನಂತರ ಮಾರ್ಕಸ್ ಪೂರ್ವದ ಪ್ರಾಂತಗಳಿಗೆ ಹೊರಟಾಗ ಫೌಸ್ಟಿನಾಳೂ ಜೊತೆಗಿದ್ದಳು. ಕಪ್ಪಡೋಸಿಯಾ ಪ್ರಾಂತದಲ್ಲಿ, ಟಾರಸ್ ಬೆಟ್ಟಗಳ ತಪ್ಪಲಿನ ಹಲಾಲ ಎಂಬ ಊರಿನಲ್ಲಿ, ಆಕೆ ತೀರಿಕೊಂಡಳು. ಅದು ೧೭೫ರ ಕೊನೆ ಅಥವಾ ೧೭೬ರ ಆರಂಭ. ವಯಸ್ಸು ಸುಮಾರು ನಲವತ್ತೈದು. ಸಂಧಿವಾತದಿಂದ ಸತ್ತಳೆಂದೂ, ಒಳಸಂಚು ಬಯಲಾಗುವ ಭಯದಿಂದ ತಾನೇ ಪ್ರಾಣ ಬಿಟ್ಟಳೆಂದೂ ಡಿಯೋ ಎರಡು ಬಗೆಯಾಗಿ ಹೇಳುತ್ತಾನೆ. ಮಾರ್ಕಸ್ ಆ ಊರಿಗೆ ಫೌಸ್ಟಿನೋಪೊಲಿಸ್ ಎಂದು ಹೆಸರಿಟ್ಟು ನಗರದ ಸ್ಥಾನ ಕೊಟ್ಟನು. ಸೆನೆಟ್ ಆಕೆಗೆ ದೈವತ್ವವನ್ನು ವಿಧಿಸಿತು. ವೀನಸ್ ಮತ್ತು ರೋಮಾ ದೇವಿಯರ ಗುಡಿಯಲ್ಲಿ ಚಕ್ರವರ್ತಿ ದಂಪತಿಗಳ ಬೆಳ್ಳಿಯ ಪ್ರತಿಮೆಗಳನ್ನು ನಿಲ್ಲಿಸಬೇಕೆಂದೂ, ನಗರದಲ್ಲಿ ಮದುವೆಯಾಗುವ ಹುಡುಗಿಯರು ವರನೊಡನೆ ಅಲ್ಲಿನ ಬಲಿಪೀಠದಲ್ಲಿ ಪೂಜೆ ಸಲ್ಲಿಸಬೇಕೆಂದೂ ನಿರ್ಣಯವಾಯಿತು. ಮರಣಾನಂತರದ ನಾಣ್ಯಗಳಲ್ಲಿ ನವಿಲು ಕಾಣಿಸಿಕೊಳ್ಳುತ್ತದೆ. ನಕ್ಷತ್ರಲೋಕಕ್ಕೆ ಸೇರಿದವಳು ಎಂಬರ್ಥದ ಬರಹವುಳ್ಳ ನಾಣ್ಯದಲ್ಲಿ ಪಂಜು ಹಿಡಿದ ದೇವಿಯೊಂದಿಗೆ ಬಾಲಚಂದ್ರನ ಚಿಹ್ನೆಯಿದೆ.

೮

ಫೌಸ್ಟಿನಾಳ ಮೇಲಿನ ಅಪವಾದಗಳು ಹೆಚ್ಚಾಗಿ ಬರುವುದು ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ರಚಿತವಾಯಿತೆಂದು ಹಲವರು ಭಾವಿಸುವ ಹಿಸ್ಟೋರಿಯಾ ಅಗಸ್ಟಾ ಎಂಬ ಕೃತಿಯಲ್ಲಿ. ನಿಜ ಮತ್ತು ಕಲ್ಪನೆಗಳನ್ನು ಬೆರೆಸುವುದಕ್ಕೆ ಆ ಕೃತಿ ಕುಖ್ಯಾತ. ಸಮುದ್ರತೀರದ ಊರಿನಲ್ಲಿ ನಾವಿಕರನ್ನೂ ಮಲ್ಲರನ್ನೂ ಆಕೆ ಪ್ರಣಯಿಗಳನ್ನಾಗಿ ಆರಿಸಿಕೊಂಡಳೆಂದೂ, ಖಡ್ಗಮಲ್ಲನೊಬ್ಬನಿಗೆ ಮನಸೋತದ್ದೇ ಕೊಮೋಡಸ್‌ನ ಹುಟ್ಟಿಗೆ ಕಾರಣವೆಂದೂ ಅದು ಕಥೆ ಕಟ್ಟುತ್ತದೆ. ಹೆಂಡತಿಯನ್ನು ಬಿಟ್ಟರೆ ಅವಳ ವರದಕ್ಷಿಣೆಯಾದ ಸಾಮ್ರಾಜ್ಯವನ್ನೂ ಹಿಂದಿರುಗಿಸಬೇಕಾಗುತ್ತದೆ ಎಂಬರ್ಥದ ಮಾತನ್ನು ಮಾರ್ಕಸ್‌ನ ಬಾಯಲ್ಲಿ ಇಡುತ್ತದೆ. ಆದರೆ ಮಾರ್ಕಸ್ ತನ್ನ ಚಿಂತನೆಗಳ ಮೊದಲ ಭಾಗದಲ್ಲಿ ವಿಧೇಯಳೂ ಪ್ರೀತಿಯುಳ್ಳವಳೂ ಸರಳಳೂ ಆದ ಹೆಂಡತಿ ದೊರೆತದ್ದಕ್ಕೆ ದೇವತೆಗಳಿಗೆ ಕೃತಜ್ಞತೆ ಹೇಳಿದ್ದಾನೆ. ಅದು ಪ್ರಕಟಣೆಗೆಂದು ಬರೆದ ಗ್ರಂಥವಲ್ಲವಾದ್ದರಿಂದ ಅದಕ್ಕೆ ಹೆಚ್ಚಿನ ಬೆಲೆಯಿದೆ. ಆದರೂ ಅದು ಗಂಡನ ದೃಷ್ಟಿಯ ಮೆಚ್ಚುಗೆಯೇ ಹೊರತು ಫೌಸ್ಟಿನಾಳ ಮಾತಲ್ಲ.

ಅಪವಾದಗಳ ಕೇಂದ್ರ ಯಾವುದೆಂಬುದನ್ನು ಗಮನಿಸಬೇಕು. ಅದು ಕೊಮೋಡಸ್‌ನ ಪಿತೃತ್ವ. ೧೮೦ರಲ್ಲಿ ಮಾರ್ಕಸ್ ತೀರಿಕೊಂಡ ಮೇಲೆ ಆಳಿದ ಕೊಮೋಡಸ್ ಖಡ್ಗಮಲ್ಲರ ಕಣದಲ್ಲಿ ತಾನೇ ಇಳಿದು, ಸೆನ್‌ಟಿನ ದ್ವೇಷ ಕಟ್ಟಿಕೊಂಡು, ೧೯೨ರ ಡಿಸೆಂಬರ್ ೩೧ರಂದು ಕೊಲೆಯಾದನು. ತತ್ತ್ವಜ್ಞಾನಿಯಾದ ತಂದೆಗೆ ಇಂಥ ಮಗ ಹೇಗೆ ಹುಟ್ಟಿದನೆಂಬ ಪ್ರಶ್ನೆಗೆ ಅನಂತರದವರು ಕಂಡುಕೊಂಡ ಸುಲಭದ ಉತ್ತರ ತಾಯಿಯ ಶೀಲಭಂಗ. ಸಿಂಹಾಸನದ ಮೇಲೆ ಕುಳಿತ ಶಿಶುಗಳನ್ನು ಯುಗದ ಸೌಭಾಗ್ಯವೆಂದು ನಾಣ್ಯ ಕೊಂಡಾಡಿತು. ಅದೇ ಶಿಶುಗಳಲ್ಲಿ ಒಬ್ಬನು ಯುಗದ ದುರ್ದೈವವಾದಾಗ ಚರಿತ್ರೆ ಆ ತಾಯಿಯನ್ನೇ ದೂಷಿಸಿತು. ಪ್ರಶಂಸೆಯಲ್ಲಿಯೂ ನಿಂದೆಯಲ್ಲಿಯೂ ಆಕೆ ವಾರಸುದಾರನನ್ನು ಕೊಡುವ ದೇಹ ಮಾತ್ರ. ಫಲ ಒಳ್ಳೆಯದಾದರೆ ದೇವತೆ, ಕೆಟ್ಟದಾದರೆ ಜಾರೆ. ಒಂದೇ ನಾಣ್ಯದ ಎರಡು ಮುಖಗಳೆಂಬ ರೂಢಿಯ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಆಕೆಯ ಹೆಣ್ಣುಮಕ್ಕಳ ಗತಿಯೂ ಇದೇ ತರ್ಕದಿಂದ ನಿರ್ಧಾರವಾಯಿತು. ತಮ್ಮನ ವಿರುದ್ಧದ ಒಳಸಂಚಿನಲ್ಲಿ ಸಿಕ್ಕಿಬಿದ್ದ ಲೂಸಿಲ್ಲಾ ಕ್ಯಾಪ್ರಿ ದ್ವೀಪಕ್ಕೆ ಗಡೀಪಾರಾಗಿ ಅಲ್ಲಿ ಕೊಲೆಯಾದಳು. ನಾಣ್ಯದ ಮೇಲೆ ತೋಳಿನ ಶಿಶುವಾಗಿದ್ದ ಕಾರ್ನಿಫಿಸಿಯಾಳನ್ನು ಮುಂದೆ ಕ್ಯಾರಕಲ್ಲಾ ಎಂಬ ಚಕ್ರವರ್ತಿ ಆತ್ಮಹತ್ಯೆಗೆ ಗುರಿಪಡಿಸಿದನು. ಆಗಲೂ ಮಾರ್ಕಸ್‌ನ ರಕ್ತವೆಂಬುದು ಸಿಂಹಾಸನಕ್ಕೆ ಒಂದು ಬೆದರಿಕೆಯಾಗಿ ತೋರಿರಬೇಕು. ಇನ್ನೊಂದೆಡೆ ಕ್ಯಾರಕಲ್ಲಾನ ತಂದೆ ಸೆಪ್ಟಿಮಿಯಸ್ ಸೆವೆರಸ್ ತಾನು ಮಾರ್ಕಸ್‌ನ ಮಗನೆಂದು ೧೯೫ರಲ್ಲಿ ಘೋಷಿಸಿಕೊಂಡಿದ್ದನು. ಅವನ ಹೆಂಡತಿ ಜೂಲಿಯಾ ಡೋಮ್ನಾಳಿಗೆ ಶಿಬಿರಗಳ ತಾಯಿ ಎಂಬ ಫೌಸ್ಟಿನಾಳ ಬಿರುದೂ, ಅವಳ ನಾಣ್ಯಗಳಿಗೆ ಫೆಕುಂಡಿಟಾಸ್‌ನ ರೂಪವೂ ಬಂದವು. ವ್ಯಕ್ತಿ ಬದಲಾದರೂ ಅಚ್ಚು ಮುಂದುವರಿಯಿತು.

ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ಸಂಶೋಧಕರು ಬಿರುದುಗಳನ್ನು ನೇರವಾಗಿ ಜೀವನಚರಿತ್ರೆಯೆಂದು ಸ್ವೀಕರಿಸುವುದಿಲ್ಲ. ದಾನದ ವಿವರ, ಕಾಲ, ಸಾಕ್ಷಿಗಳೊಂದಿಗೆ ತಾಳೆ ನೋಡುತ್ತಾರೆ. ಕಂಚಿನ ನಾಣ್ಯಗಳನ್ನೂ ಹಾಗೆಯೇ ಓದಬೇಕಾಗುತ್ತದೆ. ಫೌಸ್ಟಿನಾಳ ವಿಷಯದಲ್ಲಿ ನಾಣ್ಯ, ಸಮಾಧಿಶಾಸನ, ಪತ್ರ, ಚರಿತ್ರೆಯ ಕಥನ ಎಂಬ ನಾಲ್ಕು ಬಗೆಯ ಆಕರಗಳಿವೆ. ನಾಣ್ಯ ಬದುಕಿದ್ದವರನ್ನು ಎಣಿಸಿತು, ಸಮಾಧಿ ಸತ್ತವರನ್ನು ಹೆಸರಿಸಿತು, ಪತ್ರ ಕಾಯಿಲೆಯ ಮಕ್ಕಳ ಬಗ್ಗೆ ಬರೆಯಿತು, ಕಥನ ಅಪವಾದ ಹೊರಿಸಿತು. ಯಾವ ಒಂದನ್ನು ಮಾತ್ರ ನಂಬಿದರೂ ದೊರೆಯುವುದು ದೇವತೆ ಅಥವಾ ಜಾರೆ. ನಾಲ್ಕನ್ನೂ ಒಟ್ಟಿಗೆ ಇಟ್ಟಾಗ ಹದಿನೇಳರಿಂದ ನಲವತ್ತರವರೆಗೆ ಹೆರುತ್ತ, ಹೆತ್ತವರಲ್ಲಿ ಹೆಚ್ಚಿನವರನ್ನು ಕಳೆದುಕೊಳ್ಳುತ್ತ, ಕೊನೆಗೆ ಪ್ರಯಾಣದ ದಾರಿಯಲ್ಲಿ ತೀರಿಕೊಂಡ ಒಬ್ಬ ಹೆಂಗಸಿನ ಬದುಕು ಕಾಣಿಸುತ್ತದೆ. ಫಲವಂತಿಕೆಯ ಸಂಕೇತಗಳುಳ್ಳ ಸಾಮ್ರಾಜ್ಞಿಯರ ನಾಣ್ಯಗಳನ್ನು ಅಧ್ಯಯನ ಮಾಡುವವರು ಚಿತ್ರದಲ್ಲಿರುವ ಮಕ್ಕಳ ಜೊತೆಗೆ ಚಿತ್ರದಿಂದ ಬಿಟ್ಟುಹೋದ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.